ದೋಣಿಯ ತಳಕ್ಕೊಂದು ಮೆಟ್ಟಿಲು

ದೋಣಿಯ ತಳಕ್ಕೆ ಮೆಟ್ಟಿಲು ಬೇಕೇ?

ನನ್ನನ್ನು ಕೇಳಿದರೆ ಬೇಡ ಎನ್ನುತ್ತಿದ್ದೆ. ಕೇಳಿದರು. ಬೇಡ ಎಂದೆ. ಅಲ್ಲಿಂದಲೇ ಶುರುವಾಯಿತು ನೋಡಿ ಈ ರಗಳೆ.

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಸಾಹುಕಾರರೊಬ್ಬರು ನನಗೆ ಬೇಕಾದವರು. ಅವರು ಹೈದರಾಬಾದಿನ ಒಬ್ಬ ನವಾಬರಿಂದ ಮೋಟಾರು ಬೋಟು ಕೊಂಡರು. (ನವಾಬರಿಗೆ ಬೋಟು ಬೇಸರವಾಗಿತ್ತಂತೆ. ಸಾಹುಕಾರರಿಗೆ ಗಿರಣಿ ಬೇಸರವಾಗಿತ್ತು.) ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದ ಬೋಟು ಎರಡು ಬಂಡಿಗಳ ಮೇಲೆ ಬೋರಲು ಮಲಗಿ ಗಂಗಾವತಿಗೆ ಬಂತು. ಜನ ಬಂಡಿ ಸುತ್ತ ಪ್ರದಕ್ಷಿಣೆ ಹಾಕಿದರು.

ಹೊಳೆಗೆ ನಮ್ಮ ಹರಿಗೋಲು ಸಾಲದೇ ಎಂದು ನೀವು ಕೇಳಬಹುದು. ಹರಿಗೋಲು ಗಿರಗಿರ ತಿರುಗುತ್ತ ಹೋಗಿ ಆಚೆ ದಡ ಮುಟ್ಟಿಸುತ್ತದೆ. ಆದರೆ ಸಾಹುಕಾರರಿಗೆ ಆಚೆ ದಡದಲ್ಲಿ ಕೆಲಸವೇ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸ್ಪೀಡು.

ಸ್ಪೀಡು ಸಿಕ್ಕಿತು ಕೂಡ. ಆನೆಗುಂದಿಯ ಹತ್ತಿರ ಬಂಡೆಗಳ ನಡುವೆ ಹೊಳೆ ಅಗಲವಾಗಿ ನಿಂತ ಕಡೆ ಬೋಟನ್ನು ಇಳಿಸಿದರು. ಮೊದಲು ಅದು ಉಳಿದ ದೋಣಿಗಳ ಹಾಗೆಯೇ ನೀರು ತಳ್ಳುತ್ತ ಹೋಯಿತು. ಆಮೇಲೆ ಮೂತಿ ಎತ್ತಿತು. ಆಮೇಲೆ ಏನಾಯಿತೋ, ಇಡೀ ಮೈ ನೀರಿನಿಂದ ಮೇಲೆದ್ದು ಹೊಳೆಯ ಮೇಲೆ ಜಾರತೊಡಗಿತು. ನನ್ನ ಜನ್ಮದಲ್ಲಿ ಅಂಥ ಓಟ ಕಂಡಿರಲಿಲ್ಲ. ನಾನೂ ಚಪ್ಪಾಳೆ ಹೊಡೆದೆ. ಆಗಲೇ ತಳಕ್ಕೆ ಒಂದು ಬಂಡೆ ಸವರಿ ಹಲಗೆ ಸೀಳಿತು.

ರಿಪೇರಿಗೆ ಈರಪ್ಪನನ್ನು ಕರೆಸಿದರು. ಈರಪ್ಪ ಕಿನ್ನಾಳದ ಚಿತ್ರಗಾರ. ಗೊಂಬೆ, ತೊಟ್ಟಿಲು, ಪಲ್ಲಕ್ಕಿ ಮಾಡುವ ಮನೆತನ. ಸಾಹುಕಾರರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟುವ ಕೂಸಿಗೆ ತೊಟ್ಟಿಲು ಮಾಡಲು ಈರಪ್ಪನಿಗೇ ಹೇಳಿದ್ದರು. ಗಂಗಾವತಿಯ ದೊಡ್ಡ ಮನೆಯಲ್ಲಿ ಅವನ ತೊಟ್ಟಿಲು ತೂಗಿದರೆ ಉಳಿದ ಮನೆಗಳಿಂದಲೂ ಕರೆ ಬರುತ್ತದೆ, ಇಲ್ಲದಿದ್ದರೆ ಜಾತ್ರೆಯ ಗೊಂಬೆಗಳೇ ಗತಿ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೀಳಿದ ಹಲಗೆಯನ್ನು ಈರಪ್ಪ ಎಲ್ಲಿ ಸೀಳಿತ್ತೆಂದು ತಿಳಿಯದ ಹಾಗೆ ಕೂಡಿಸಿದ. ಆಮೇಲೆ ಬೋರಲು ಬಿದ್ದ ಬೋಟಿನ ಬೆನ್ನು ಸವರುತ್ತ ನಡುವೆ ನಿಂತುಬಿಟ್ಟ. ಅಲ್ಲಿ ತಳದ ಹಲಗೆಗಳು ಅಡ್ಡಡ್ಡಲಾಗಿ ನಾಲ್ಕು ಬೆರಳಷ್ಟು ತಗ್ಗಾಗಿದ್ದವು. ಮುಂದಿನ ಅರ್ಧ ಒಂದು ಮಟ್ಟ, ಹಿಂದಿನ ಅರ್ಧ ಅದಕ್ಕಿಂತ ತಗ್ಗಿನ ಮಟ್ಟ. ನಡುವೆ ಸಾಕ್ಷಾತ್ ಮೆಟ್ಟಿಲು.

ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನನ್ನು ಕೇಳಿದ.

"ಯಜಮಾನ್ರ, ನೀವು ಓದಿದೋರು. ಇದನ್ನ ಮಾಡಿದಾಂವ ಬೇಕಂತ ಮಾಡ್ಯಾನೋ, ಕೈ ತಪ್ಪಿ ಮಾಡ್ಯಾನೋ?"

ಗೊತ್ತಿಲ್ಲ ಎಂದು ಹೇಳಲು ನನಗೆ ಏನಾಗಿತ್ತು? ಆದರೆ ವಾರವಾರ ಅಂಕಣ ಬರೆಯುವವನ ಬಾಯಿಗೆ ಆ ಮಾತು ಬರುವುದಿಲ್ಲ. (ಬಂದರೆ ಪುಟ ತುಂಬುವುದು ಹೇಗೆ?)

"ಮೀನಿನ ಹೊಟ್ಟೆ ನೋಡಿದ್ದೀಯಾ, ಈರಪ್ಪ? ಎಲ್ಲಾದರೂ ಮೆಟ್ಟಿಲು ಇದೆಯೇ? ನುಣುಪಾದದ್ದು ಓಡುತ್ತದೆ, ಒರಟಾದದ್ದು ನಿಲ್ಲುತ್ತದೆ. ತುಂಬಿಸಿಬಿಡು."

"ಸಾಹುಕಾರ್ರನ್ನ ಒಂದ್ ಮಾತು ಕೇಳೂಣೇನ್ರಿ?"

"ನಾನು ಹೇಳುತ್ತಿದ್ದೇನಲ್ಲ!"

ಮುಗಿಯಿತು. ಈರಪ್ಪ ತಗ್ಗಿಗೆ ತೇಗದ ಹಲಗೆಯನ್ನು ಹಿಂದಕ್ಕೆ ಇಳಿಜಾರಾಗಿ ಕೂಡಿಸಿ, ಸಂದಿಗೆ ರಾಳ ಕಾಸಿ ತುಂಬಿ, ತಿಕ್ಕಿ ತಿಕ್ಕಿ ಗೊಂಬೆಯ ಕೆನ್ನೆಯ ಹಾಗೆ ಮಾಡಿದ. ಎಂಥ ಫಿನಿಶಿಂಗ್ ಅಂತೀರಿ! ನನ್ನ ಸಲಹೆಯ ಮೇಲೆ ನಾನೇ ಕೈಯಾಡಿಸಿ ಖುಷಿಪಟ್ಟೆ.

ಮುಂದಿನ ಭಾನುವಾರ ರಾಯಚೂರಿನಿಂದ ದೊಡ್ಡ ಸಾಹೇಬರೊಬ್ಬರು ಬೋಟು ನೋಡಲು ಬಂದರು. ಸಾಹುಕಾರರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಎಂಜಿನ್ ಆರ್ಭಟಿಸಿತು. ಬೋಟು ಮೂತಿ ಎತ್ತಿತು. ಅಷ್ಟೇ. ಬಾಲ ನೀರಿಗೆ ಕಚ್ಚಿಕೊಂಡಿತ್ತು. ಇನ್ನಷ್ಟು ಪೆಟ್ರೋಲು ಕುಡಿಸಿದರೆ ಇನ್ನಷ್ಟು ಅಲೆ ಎದ್ದಿತೇ ಹೊರತು ಮೈ ಮೇಲೇಳಲಿಲ್ಲ. ಮಡುವಿಗೆ ಬಿದ್ದ ಎಮ್ಮೆಯಂತೆ ಅದು ಉಸ್ಸೆನ್ನುತ್ತ ಸಾಗಿತು. ಅಂಬಿಗನೊಬ್ಬ ಹರಿಗೋಲಿನಿಂದಲೇ ಕೂಗಿದ.

"ಹಗ್ಗ ಕೊಡ್ಲೇನ್ರಿ, ಎಳೀತೀನಿ!"

ದಡದಲ್ಲಿ ನಗೆಯೋ ನಗೆ. ದೊಡ್ಡ ಸಾಹೇಬರ ಶೇರ್ವಾನಿ ಮೊಣಕಾಲವರೆಗೆ ಒದ್ದೆ. ಸಾಹುಕಾರರು ದಡಕ್ಕೆ ಇಳಿದವರೇ ನೇರ ಈರಪ್ಪನ ಮುಂದೆ ನಿಂತರು.

"ತಳಕ್ಕ ಏನ್ ಮಾಡ್ದಿ?"

"ತಗ್ಗಿತ್ರಿ. ತುಂಬಿದ್ನಿ."

"ಯಾರ್ ಹೇಳಿದ್ರು ನಿನಗ?"

ಈರಪ್ಪ ನನ್ನ ಕಡೆ ನೋಡಿದ. ನಾನು ಕನ್ನಡಕ ಒರೆಸುತ್ತಿದ್ದೆ. ಅದರ ಮೇಲೆ ಒಂದು ಹನಿಯೂ ಸಿಡಿದಿರಲಿಲ್ಲ.

"ಯಾರೂ ಹೇಳಿಲ್ರಿ. ನನಗ ಛಂದ ಕಾಣಲಿಲ್ಲ" ಎಂದ.

"ಬೋಟ್ ಕೆಡಿಸಿದ ಕೈಲೆ ನಮ್ಮ ಮನಿ ಕೂಸಿಗೆ ತೊಟ್ಲ ಬ್ಯಾಡ. ಹೋಗು!"

ನಾನು ಇನ್ನೂ ಕನ್ನಡಕ ಒರೆಸುತ್ತಲೇ ಇದ್ದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಲ್ಕು ದಿನ ತಡೆದು ಕಿನ್ನಾಳಕ್ಕೆ ಹೋದೆ. ಪಡಸಾಲೆಯ ಮೂಲೆಯಲ್ಲಿ ಆ ತೊಟ್ಟಿಲು ನಿಂತಿತ್ತು. ಐದು ಗಿಳಿಗಳ ಕೆತ್ತನೆ ಮುಗಿದಿತ್ತು. ನಾಲ್ಕಕ್ಕೆ ಹಸಿರು ಬಣ್ಣ ಬಿದ್ದಿತ್ತು, ಐದನೆಯದು ಬರೀ ಕಟ್ಟಿಗೆ.

"ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದೆ.

"ನಿಮಗ ಮಾತು ಬಿಟ್ರ ಮತ್ತೇನೈತ್ರಿ? ನನಗ ಕೈಯಾದ್ರೂ ಅದಾವು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಅವನು ನೀರು ತುಂಬಿದ ಚರಿಗೆ ತಂದ. "ಇದನ್ನ ನೋಡ್ರಿ" ಎಂದು ನಿಧಾನವಾಗಿ ಬಗ್ಗಿಸಿದ. ನೀರು ಕೆಳಗೆ ಬೀಳದೆ ಚರಿಗೆಯ ದುಂಡು ಅಂಚನ್ನೇ ಹಿಡಿದು, ಅದರ ಹೊಟ್ಟೆಗೆ ಅಂಟಿಕೊಂಡು ಹರಿದು ಅವನ ಮೊಣಕೈ ತೋಯಿಸಿತು. ನಮ್ಮೆಲ್ಲರ ಮನೆಯಲ್ಲೂ ದಿನಾ ಆಗುವುದೇ. ಈಗ ಅಂಚಿಗೊಂದು ಚೂಪಾದ ಕಟ್ಟಿಗೆಯ ಚಕ್ಕೆ ಹಿಡಿದು ಮತ್ತೆ ಬಗ್ಗಿಸಿದ. ನೀರು ಚಕ್ಕೆಯ ತುದಿಯಿಂದ ಕಳಚಿ ನೆಟ್ಟಗೆ ಬಿತ್ತು.

"ನೀರಿಗೆ ನುಣುಪು ಸಿಕ್ರ ಬಿಡಂಗಿಲ್ರಿ. ಆ ಮೆಟ್ಟಿಲ ನೀರು ಬಿಡಿಸಾಕ ಇತ್ತು. ಮೀನ ನೀರಾಗ ಇರತೈತಿ. ಇದು ನೀರ ಮ್ಯಾಲ ಇರಬೇಕು."

ಕೇಳಿದಿರಾ? ಒಂದು ಅಕ್ಷರ ಓದಲು ಬಾರದ ಮನುಷ್ಯ! ವೇಗ ಬಂದಾಗ ಈ ಜಾತಿಯ ಬೋಟು ನೀರು ಸೀಳುವುದಿಲ್ಲ, ನೀರಿನ ಮೇಲೆ ಹತ್ತಿ ಜಾರುತ್ತದೆ. ಮೆಟ್ಟಿಲ ಚೂಪಿನಲ್ಲಿ ನೀರು ಕಳಚುತ್ತದೆ, ಹಿಂದಿನ ತಗ್ಗಿಗೆ ಗಾಳಿ ನುಗ್ಗುತ್ತದೆ. ನೀರು ತಾಗುವುದು ಎರಡೇ ಕಡೆ, ಮೆಟ್ಟಿಲ ಅಂಚಿಗೆ ಮತ್ತು ಬಾಲದ ತುದಿಗೆ. ನಡುವಿನ ಹಲಗೆ ಒಣಗಿರುತ್ತದೆ. ನಾನು ಆ ತಗ್ಗು ಮುಚ್ಚಿಸಿ, ಇಡೀ ತಳವನ್ನು ನೀರಿನ ಕೈಗೆ ಕೊಟ್ಟಿದ್ದೆ.

ಸಾಹುಕಾರರು ಊರಲ್ಲಿರಲಿಲ್ಲ. ಬೋಟು ಇಟ್ಟಿದ್ದ ಗಿರಣಿಯ ಕಾವಲುಗಾರನಿಗೆ ನನ್ನ ಪರಿಚಯವಿತ್ತು. ಈರಪ್ಪ ಒಂದೇ ಮಧ್ಯಾಹ್ನದಲ್ಲಿ ತನ್ನ ಹಲಗೆಯನ್ನು ತಾನೇ ಕಿತ್ತು, ಮೆಟ್ಟಿಲ ಅಂಚನ್ನು ಉಳಿಯಿಂದ ಮತ್ತೆ ಚೂಪು ಮಾಡಿದ.

"ಓಡಿದ ಮ್ಯಾಲ ನೀವ ಹೇಳ್ರಿ ಸಾಹುಕಾರ್ರಿಗೆ" ಎಂದ.

"ನಾನೇ ಹೇಳುತ್ತೇನೆ" ಎಂದೆ.

ಸಾಹುಕಾರರು ಊರಿಗೆ ಮರಳಿ ಬೋಟು ಇಳಿಸಿದರು. ಓಡಿತು. ಹೇಗೆ ಓಡಿತೆಂದರೆ, ನಕ್ಕಿದ್ದ ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದುಕೊಂಡು ಬಾಯಿ ತೆರೆದು ನಿಂತ. ಸಾಹುಕಾರರು ತಲೆಯ ರುಮಾಲು ಹಾರಿಹೋದರೂ ನಗುತ್ತ ಇಳಿದರು. ಸಂಜೆ ಅವರ ಕಟ್ಟೆಯ ಮೇಲೆ ಚಹ ಆಯಿತು.

"ಹೊಸಪೇಟಿ ಮೆಕ್ಯಾನಿಕ್ ನಿನ್ನೆ ಬಂದು ಎಂಜಿನ್ ಒರಿಸಿ ಹೋದ ನೋಡ್ರಿ. ಭಾಳ ಛಲೋ ಕೆಲಸಗಾರ!" ಎಂದರು.

ನಾನು ಏನೆಂದೆ ಗೊತ್ತೇ? "ಹೌದು" ಎಂದೆ. ಅವರ ಮನೆಯ ಚಹ ಬಲು ಚೆನ್ನಾಗಿತ್ತು.

ಅದಾಗಿ ಮೂರು ತಿಂಗಳಾಯಿತು. ಮೆಕ್ಯಾನಿಕ್‌ನ ಹೆಸರು ಗಂಗಾವತಿ ದಾಟಿ ಕುಷ್ಟಗಿಯವರೆಗೂ ಹೋಗಿದೆ. ಈರಪ್ಪನ ಹೆಸರೂ ಹೋಗಿದೆ, ಬೋಟು ಕೆಡಿಸಿದವನೆಂದು. ಬೇರೆ ಯಾವ ಮನೆಯೂ ಅವನಿಂದ ತೊಟ್ಟಿಲು ಮಾಡಿಸಿಲ್ಲ. ಸಾಹುಕಾರರ ಮನೆಗೆ ಬಳ್ಳಾರಿಯಿಂದ ಕಬ್ಬಿಣದ ತೊಟ್ಟಿಲು ಬಂತು. ತೂಗಿದರೆ ಕಿರ್ರೆನ್ನುತ್ತದೆ, ಕೂಸು ಎಚ್ಚರಾಗುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನಾನು ಚಹದ ಬಟ್ಟಲು ಕೆಳಗಿಟ್ಟು ಬಾಯಿ ತೆರೆದಿದ್ದೇನೆ. ಪ್ರತಿ ಸಲವೂ ಹವಾಮಾನದ ಮಾತೇ ಹೊರಬಿದ್ದಿದೆ.

ಆದ್ದರಿಂದ ಇಲ್ಲಿ, ಅಚ್ಚಿನ ಅಕ್ಷರದಲ್ಲಿ ಹೇಳುತ್ತಿದ್ದೇನೆ. ಮೆಟ್ಟಿಲು ಮುಚ್ಚಿಸಿದವನು ನಾನು. ತೆರೆದವನು ಈರಪ್ಪ. ಎದುರಿಗೆ ನಿಂತು ಹೇಳಲಾಗದ್ದನ್ನು ಹೀಗೆ ದೂರದಿಂದ ಹೇಳುವುದು ಹೇಡಿತನವೇ. ಇರಲಿ, ಇಷ್ಟಾದರೂ ನನ್ನಿಂದಾಯಿತು.

ಸಾಹುಕಾರರೇ, ಈ ಅಂಕಣ ತಪ್ಪದೆ ಓದುತ್ತೇನೆ ಎಂದು ನೀವು ಯಾವಾಗಲೂ ಹೇಳುತ್ತೀರಿ. ಕಿನ್ನಾಳದಲ್ಲಿ ಐದನೆಯ ಗಿಳಿ ಇನ್ನೂ ಬಣ್ಣಕ್ಕೆ ಕಾದಿದೆ. ಕೂಸು ತೊಟ್ಟಿಲಲ್ಲಿ ಮಲಗುವಷ್ಟು ಚಿಕ್ಕದಿರುವಾಗಲೇ ಈರಪ್ಪನಿಗೆ ಕರೆ ಹೋದೀತೋ, ನಾನು ಕನ್ನಡಕ ಒರೆಸಿ ಮುಗಿಸುವಷ್ಟರಲ್ಲಿ ಅದು ಅಂಬೆಗಾಲಿಡತೊಡಗೀತೋ?