ಹೊಸ ಕಂಪ್ಯೂಟರ್ ತರುವ ಮೊದಲು

ನಮ್ಮ ಮನೆಗೆ ಹೊಸ ಕಂಪ್ಯೂಟರ್ ಬರುವುದು ಸುಮಾರು ಎರಡು ವರ್ಷ ತಡವಾಯಿತು. ತಡ ಮಾಡಿದವರು ಮಾವ. ಯಾಕೆಂದು ಅವರು ಹೇಳಲಿಲ್ಲ. ನಾನೂ ಸರಿಯಾಗಿ ಕೇಳಲಿಲ್ಲ.

ಮಾವ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಡುಮನೆಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಅವರೇ ಬಿಡಿಭಾಗ ತಂದು ಜೋಡಿಸಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೇ ಅದು ಅಲ್ಲಿತ್ತು. ಅತ್ತೆ ಇರಲಿಲ್ಲ, ನನ್ನ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಮಗಳು ಹುಟ್ಟಿದ ಮೇಲೆ ನಾನು ಕಂಪನಿ ಕೆಲಸ ಬಿಟ್ಟು, ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಉಕ್ಕಿನ ಅಚ್ಚುಗಳ ಡ್ರಾಯಿಂಗ್ ಮಾಡಿಕೊಡುವುದನ್ನು ಮನೆಯಿಂದಲೇ ಶುರುಮಾಡಿದೆ. ಮಾವನ ಕಂಪ್ಯೂಟರೇ ನನ್ನದೂ ಆಯಿತು.

ಮೊದಮೊದಲು ಅದು ನಿಧಾನವಾಗಿತ್ತು, ಅಷ್ಟೇ. ಆಮೇಲೆ ಒಂದು ಡ್ರಾಯಿಂಗ್ ತೆರೆಯಲು ಕೊಟ್ಟು, ಕುಕ್ಕರ್ ಇಟ್ಟು, ಮೂರು ವಿಷಲ್ ಆದಮೇಲೆ ಬಂದು ಕೂರುವುದು ಅಭ್ಯಾಸವಾಯಿತು. ಇನ್ನು ಮುಂದೆ ಇದಕ್ಕೆ ಅಪ್‌ಡೇಟ್ ಬರುವುದಿಲ್ಲ ಎಂಬ ಸಂದೇಶವೂ ದಿನಾ ಕಾಣಿಸತೊಡಗಿತು.

ಹೊಸದು ತರೋಣ ಎಂದಾಗಲೆಲ್ಲ ಮಾವನ ಬಳಿ ಒಂದು ಉತ್ತರ ಸಿದ್ಧವಿರುತ್ತಿತ್ತು. "ಆಯುಧಪೂಜೆ ಟೈಮಲ್ಲಿ ಆಫರ್ ಬರುತ್ತಮ್ಮ, ತಾಳು" ಎಂದರು. ಆಯುಧಪೂಜೆ ಬಂತು, ಹಳೆಯದಕ್ಕೇ ಕುಂಕುಮ ಇಟ್ಟು ಹೂ ಮುಡಿಸಿದರು. ಆಮೇಲೆ, ಹೊಸ ಮಾಡೆಲ್ ಬಂದರೆ ಈಗಿನದರ ಬೆಲೆ ಇಳಿಯುತ್ತದೆ ಎಂದರು. ಇಳಿಯಲಿಲ್ಲ. ಮೆಮೊರಿಯ ಬೆಲೆಯಂತೂ ಏರಿತು. ವೈಟ್‌ಫೀಲ್ಡ್ ಕಡೆ ಕೆಲಸ ಮಾಡುವ ನನ್ನ ಗಂಡ ಬೆಳಿಗ್ಗೆ ಮೆಟ್ರೊ ಹತ್ತಿ ಹೋದರೆ ರಾತ್ರಿಯೇ ಬರುವುದು. "ನೀವಿಬ್ರೇ ಏನಾದ್ರೂ ಡಿಸೈಡ್ ಮಾಡ್ಕೊಳ್ಳಿ ಕಣೇ" ಎಂದು ಕೈತೊಳೆದುಕೊಂಡರು. ಮಾವನದು ಜಿಪುಣತನ ಎಂದು ನಾನು ತೀರ್ಮಾನಿಸಿದೆ.

ಒಂದು ಮಂಗಳವಾರ ಒಂದು ಅಚ್ಚಿನ ಡ್ರಾಯಿಂಗನ್ನು ತಿದ್ದಿ ಉಳಿಸುತ್ತಿದ್ದಾಗ ಕಂಪ್ಯೂಟರ್ ನಿಂತುಹೋಯಿತು. ಮತ್ತೆ ಶುರುಮಾಡಿ, ಕಾರ್ಖಾನೆಯವರು ಕಾಯುತ್ತಿದ್ದಾರೆಂದು ಅವಸರದಲ್ಲಿ ಕಳಿಸಿಬಿಟ್ಟೆ. ಹೋದದ್ದು ತಿದ್ದುವ ಮೊದಲಿನ ಡ್ರಾಯಿಂಗ್. ಎರಡು ದಿನ ಬಿಟ್ಟು ಮಾಲೀಕರು ಫೋನ್ ಮಾಡಿದರು.

"ಏನ್ ಮೇಡಂ ಇದು? ಹೋಲ್ ಎರಡು ಎಂಎಂ ಆಚೆ ಹೋಗಿದೆ. ಬ್ಲಾಕ್ ಕಟಿಂಗ್ ಆಗೋಯ್ತು. ಇನ್ನೇನ್ ಮಾಡೋದು ಆ ಸ್ಟೀಲ್ನ?"

ತಪ್ಪು ನನ್ನದೇ ಎಂದೆ. ಅವರು ಹೆಚ್ಚು ಬೈಯಲಿಲ್ಲ; ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಫೋನ್ ಇಟ್ಟವಳು ಮಾವನ ಮುಂದೆ ನಿಂತು, "ನಾಳೆ ಹೋಗಿ ತರ್ತೀನಿ. ಇನ್ನು ಯಾವ ಹಬ್ಬಕ್ಕೂ ಕಾಯಲ್ಲ" ಎಂದೆ. ಮಾವ ಪೇಪರ್ ಮಡಿಸಿಟ್ಟು ಒಳಗೆ ಹೋದರು. ಸಂಜೆ ಕಾಫಿಗೂ ಹೊರಗೆ ಬರಲಿಲ್ಲ.

ಮರುದಿನ ನಾನು ಹೊರಡುವಾಗ ಅವರು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪೆನ್‌ಡ್ರೈವ್.

"ನಾನೂ ಬರ್ತೀನಮ್ಮ. ಇದನ್ನ ಮೊದಲು ಅಂಗಡೀಲಿ ಹಾಕಿ ನೋಡ್ಬೇಕು. ಹೊಸದ್ರಲ್ಲಿ ಕಾಣಿಸಿದ್ರೆ ತಗೋ."

"ಏನಿದೆ ಮಾವ ಅದರಲ್ಲಿ?"

"ಹಾಡು."

ಎಂಪಿತ್ರೀ ಇರಬೇಕೆಂದುಕೊಂಡು ಸ್ಕೂಟರ್ ಶುರುಮಾಡಿದೆ.

ಅಂಗಡಿ ಇಟ್ಟಿದ್ದವರು ಬಾಗಲಕೋಟೆ ಕಡೆಯ ಹೆಂಗಸು. ನಲವತ್ತೈದು ದಾಟಿರಬಹುದು. ಮೇಜಿನ ಮೇಲೆ ಬಿಚ್ಚಿದ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಕ್ರೂ ಹಾಕುತ್ತಿದ್ದರು. ಪೆನ್‌ಡ್ರೈವನ್ನು ಪ್ರದರ್ಶನಕ್ಕಿಟ್ಟ ಹೊಸ ಕಂಪ್ಯೂಟರಿಗೆ ಚುಚ್ಚಿ ಒಂದು ಫೈಲ್ ತೆರೆದರು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಬ್ರಾಕೆಟ್, ಡಾಲರ್ ಚಿಹ್ನೆ ಕಲಸಿಹೋದ ಸಾಲುಗಳು. ಒಂದು ಪದವೂ ಪದವಾಗಿರಲಿಲ್ಲ.

"ನೋಡ್ದ್ಯಾ?" ಎಂದರು ಮಾವ ನನ್ನ ಕಡೆ ತಿರುಗಿ. "ಸ್ನೇಹಿತರ ಮನೇಲೂ ಹಿಂಗೇ ಬಂತು. ಹಳೇದು ಹೋದ್ರೆ ಇದೂ ಹೋಯ್ತು."

ಆಗ ವಿಷಯ ಒಂದೊಂದಾಗಿ ಹೊರಬಂತು. ಅತ್ತೆಗೆ ಬೀಸುವ ಹಾಡು, ಸೋಬಾನೆ ಹಾಡು ಬಹಳ ಬರುತ್ತಿದ್ದವಂತೆ. ಕಾಯಿಲೆ ಬಿದ್ದ ವರ್ಷ ಅವರು ಕುರ್ಚಿಯಲ್ಲಿ ಕೂತು ಹೇಳುವುದು, ಮಾವ ಹಳೆಯ ಕನ್ನಡ ಫಾಂಟಿನಲ್ಲಿ ಒಂದು ಬೆರಳಿನಿಂದ ಕುಟ್ಟುವುದು. ನಲವತ್ತೊಂದು ಹಾಡು. ದನಿ ಹಿಡಿದಿಡಬೇಕೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ. ನಾನು ಒಂಬತ್ತು ವರ್ಷ ಅದೇ ಕಂಪ್ಯೂಟರಿನ ಮುಂದೆ ಕೂತಿದ್ದೆ. ಆ ಫೋಲ್ಡರನ್ನು ಒಮ್ಮೆಯೂ ತೆರೆದಿರಲಿಲ್ಲ.

ಅಂಗಡಿಯವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅಕ್ಷರ ಎಲ್ಲೂ ಹೋಗಿಲ್ರೀ ಅಜ್ಜಾರ. ಇದಕ್ಕ ನಿಮ್ಮ ಫಾಂಟ್ ತಿಳಿವಲ್ದು, ಅಷ್ಟ. ಬದಲಿ ಮಾಡೂ ಸಾಫ್ಟ್‌ವೇರ್ ಅದಾವ. ತಡೀರಿ, ನೋಡೂಣು."

ಸಾಲುಗಳನ್ನು ಪರದೆಯ ಮೇಲಿನ ಇನ್ನೊಂದು ಕಿಟಕಿಗೆ ಹಾಕಿ ಒಂದು ಗುಂಡಿ ಒತ್ತಿದರು. ಕನ್ನಡ ಬಂತು. ಮಾವ ಕನ್ನಡಕ ಏರಿಸಿ ಬಗ್ಗಿ ಓದಿದರು. ಓದುತ್ತಾ ಮುಖ ಗಂಟಾಯಿತು.

"ಸೂರ್ಯ ಅಂತ ಹೊಡೆದಿದ್ದೆ ನಾನು. ಇದರಲ್ಲಿ 'ಸೂಯರ್' ಅಂತಿದೆ. ಕರ್ಪೂರ 'ಕಪೂರ್ರ' ಆಗಿದೆ. ಅವಳು ಹಿಂಗೆ ಹಾಡ್ತಿರ್ಲಿಲ್ಲ."

"ಅರ್ಕಾವತ್ತು ಜಾಗಾ ತಪ್ತಾವ್ರೀ. ಎಲ್ಲಾರದೂ ಹಂಗ ಆಗ್ತದ. ಕೂತು ತಿದ್ದಬೇಕ್ರಿ, ಬ್ಯಾರೆ ದಾರಿ ಇಲ್ಲ" ಎಂದರು ಅವರು. ಆಮೇಲೆ ಪರದೆಯ ಮೇಲಿನ ಎರಡು ಸಾಲು ಓದಿ, ತಮ್ಮೂರ ಕಡೆಯ ಧಾಟಿಯಲ್ಲಿ ಮೆಲ್ಲಗೆ ಹೇಳಿಕೊಂಡರು. ಮಾವ ತಲೆ ಅಲ್ಲಾಡಿಸಿದರು. "ಆ ರಾಗ ಅಲ್ಲಮ್ಮ" ಎಂದು ತಾವೇ ಹಾಡಲು ಬಾಯಿ ತೆರೆದು, ಅಂಗಡಿಗೆ ಯಾರೋ ಚಾರ್ಜರ್ ಕೇಳಿಕೊಂಡು ಬಂದದ್ದರಿಂದ ಸುಮ್ಮನಾದರು.

ಆ ದಿನ ನಾವು ಏನನ್ನೂ ಕೊಳ್ಳಲಿಲ್ಲ. ಮನೆಗೆ ಬಂದು ಊಟದ ಮೇಜಿನ ಮುಂದೆ ಕೂತು ಮಾತಾಡಿ ನಿರ್ಧಾರ ಮಾಡಿದೆವು. ಲ್ಯಾಪ್‌ಟಾಪ್ ಬೇಡ, ಮಾವನಿಗೆ ಅದರ ಕೀಲಿಗಳು ಒಗ್ಗುವುದಿಲ್ಲ, ನನ್ನ ಡ್ರಾಯಿಂಗಿಗೆ ದೊಡ್ಡ ಪರದೆ ಬೇಕು. ಅದೇ ಹೆಂಗಸಿನ ಹತ್ತಿರ ಜೋಡಿಸಿಕೊಳ್ಳುವುದು. ಹಾಡುಗಳು ಮುಗಿಯುವವರೆಗೆ ಹಳೆಯದನ್ನು ಕದಲಿಸಬಾರದು. ಈ ಕೊನೆಯ ಷರತ್ತು ಮಾವನದು. ನಾನು ಒಪ್ಪಿದೆ. ಜಿಪುಣ ಎಂದುಕೊಂಡಿದ್ದನ್ನು ಅವರಿಗೆ ಹೇಳಲಿಲ್ಲ.

ಮುಂದಿನ ವಾರ ಹೊಸದು ಬಂತು. ಸುಮಾರು ಒಂದೂವರೆ ತಿಂಗಳು ಎರಡೂ ಪಕ್ಕಪಕ್ಕದಲ್ಲಿದ್ದವು. ಮಧ್ಯಾಹ್ನ ಮಗಳು ಶಾಲೆಯಿಂದ ಬರುವವರೆಗೆ ಮಾವ ಹಳೆಯ ಪರದೆ ನೋಡಿ ಓದುವುದು, ನಾನು ಹೊಸದರಲ್ಲಿ ತಿದ್ದುವುದು. ಬರಿ ಓದಲು ಹೋದರೆ ಅವರಿಗೆ ಸಾಲು ತಪ್ಪುತ್ತಿತ್ತು. ಹಾಗಾಗಿ ಹಾಡಿಯೇ ಹೇಳುತ್ತಿದ್ದರು. ದನಿ ಚೆನ್ನಾಗಿರಲಿಲ್ಲ. ನಾನು ನೋಡಿರದ ಅತ್ತೆ ಯಾವ ಪದವನ್ನು ಎಳೆಯುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು ಎಂಬುದು ನನಗೆ ಆ ಒಂದೂವರೆ ತಿಂಗಳಲ್ಲಿ ತಿಳಿಯಿತು.

ಒಂದು ಫೈಲ್ ಮಾತ್ರ ಎರಡರಲ್ಲೂ ತೆರೆಯಲಿಲ್ಲ. ಅಂಗಡಿಯವರಿಂದಲೂ ಆಗಲಿಲ್ಲ. ಮಾವ ನೆನಪಿನಿಂದ ಹೇಳಿದರು, ನಡುವಿನ ಎರಡು ಸಾಲು ಬರಲಿಲ್ಲ. ರಾಗವಿತ್ತು, ಮಾತಿರಲಿಲ್ಲ.

"ಹೊಂದೋ ಹಾಗೆ ಏನಾದ್ರೂ ಹಾಕೋಣ್ವಾ ಮಾವ?"

"ಬೇಡ. ಚುಕ್ಕಿ ಹಾಕು."

ಚುಕ್ಕಿ ಹಾಕಿದೆ.

ಕೆಲಸ ಮುಗಿದ ಮೇಲೆ ಎಲ್ಲವನ್ನೂ ಪ್ರಿಂಟ್ ತೆಗೆಸಿದೆವು. ಒಂದು ಪ್ರತಿ ಅಂಗಡಿಯವರಿಗೆ ಕೊಟ್ಟೆವು. ಸ್ಟೀಲ್ ಹಾಳಾದ ಆ ಕಾರ್ಖಾನೆಯ ಮಾಲೀಕರು ನನಗೆ ಮತ್ತೆ ಕೆಲಸ ಕೊಡಲಿಲ್ಲ. ಪೀಣ್ಯ ಎರಡನೇ ಹಂತದ ಇನ್ನೊಂದು ಕಾರ್ಖಾನೆಯವರು ಕೊಟ್ಟರು. ಹಳೆಯ ಕಂಪ್ಯೂಟರನ್ನು ಎಲೆಕ್ಟ್ರಾನಿಕ್ ಕಸ ಒಯ್ಯುವವರಿಗೆ ಕೊಡಬಹುದು ಎಂದು ಮಾವನೇ ಹೇಳಿದರು. ಅವರು ಬರುವ ದಿನ ಬೆಳಿಗ್ಗೆ ಮಾವ ತಾವೇ ಸ್ಕ್ರೂ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದು, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಮೌಸ್ ಇನ್ನೂ ಚೆನ್ನಾಗಿತ್ತು. ಅದನ್ನು ನಾನು ಇಟ್ಟುಕೊಂಡೆ.