ಬೆಲ್ಲ ಮೊದಲೋ, ಸೂಜಿ ಮೊದಲೋ

ಆ ಬೆಳಿಗ್ಗೆ ಅಕ್ಕನ ಬಾಯಿಗೆ ಬೆಲ್ಲದ ನೀರು ಬಿದ್ದದ್ದು ಮೊದಲೋ, ತೋಳಿಗೆ ರಕ್ತ ತೆಗೆಯುವ ಸೂಜಿ ಇಳಿದದ್ದು ಮೊದಲೋ, ನನಗೆ ಖಚಿತವಿಲ್ಲ. ನಾನು ಅಲ್ಲೇ ನಿಂತಿದ್ದೆ. ಸೂಜಿಯೇ ಮೊದಲು ಎನ್ನುತ್ತದೆ ನೆನಪು. ಆದರೆ ನನಗೆ ಬೇಕಾಗಿದ್ದದ್ದೂ ಅದೇ. ಹಾಗಾಗಿ ಆ ನೆನಪನ್ನು ನಂಬಲಾರೆ.

ನ್ಯಾಮತಿಯ ಅತ್ತೆಮನೆಯಲ್ಲಿ ಅಕ್ಕ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಬೆವೆತು, ತೊದಲಿ, ಕುಸಿಯುತ್ತಿದ್ದಳು. ಪ್ರತಿ ಸಲವೂ ರಕ್ತದಲ್ಲಿ ಸಕ್ಕರೆ ಇಳಿದಿರುತ್ತಿತ್ತು. ಹೊನ್ನಾಳಿಯ ಡಾಕ್ಟರು, ಹೊಟ್ಟೆಯೊಳಗೆ ಸಣ್ಣ ಗಂಟೊಂದು ಬೇಕಾಬಿಟ್ಟಿ ಇನ್ಸುಲಿನ್ ಸುರಿಸುತ್ತಿರಬಹುದು, ಇಲ್ಲವೇ ಹೊರಗಿನ ಇನ್ಸುಲಿನ್ ಮೈಗೆ ಸೇರುತ್ತಿರಬಹುದು ಎಂದರು. ಅಕ್ಕನ ಅತ್ತೆಗೆ ಸಕ್ಕರೆ ಕಾಯಿಲೆ. ಅಂದೇ ಅವರು ತಮ್ಮ ಇನ್ಸುಲಿನ್ ಬಾಟಲಿಯನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿದರು.

"ತಾನೇ ಚುಚ್ಕಂಡು ಬೀಳ್ತಾಳೆ ಅಂತ ನಾನು ಹೇಳಿಲ್ಲಪ್ಪ, ಡಾಕ್ಟ್ರು ಹೇಳಿದ್ದು," ಎಂದರು ನನಗೆ. "ಕೆಲಸ ತಪ್ಪಿಸ್ಕಳಾಕೆ ಏನೇನು ದಾರಿ ಐತೋ."

ಅಕ್ಕ ಹೊರಗೆ ಬಂದು ಹೇಳಿದಳು: "ನಿನ್ನ ಮಿಷಿನ್ನಿಗೆ ಹಾಕಿ ನೋಡೋ. ಅದಾದ್ರೂ ನನ್ನ ನಂಬ್ತೈತೇನೋ."

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅದು. ಕೂದಲಿನಷ್ಟು ಸಪೂರದ ಗಾಜಿನ ನಳಿಕೆಗೆ ವಿದ್ಯುತ್ ಹರಿಸಿದರೆ ಹಾರ್ಮೋನುಗಳು ಬೇರೆಬೇರೆಯಾಗಿ ಹೊರಬರುತ್ತವೆ. ತುದಿಯಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ತೂಕದಿಂದ ಗುರುತಿಸುತ್ತದೆ. ಆದರೆ ಆ ಬಾಟಲಿಯ ಇನ್ಸುಲಿನ್ನಿಗೂ ಮೈಯ ಇನ್ಸುಲಿನ್ನಿಗೂ ತೂಕ ಒಂದೇ. ವ್ಯತ್ಯಾಸ ಹೇಳುವುದು ಸಿ-ಪೆಪ್ಟೈಡ್. ಮೈಯಲ್ಲಿ ಇನ್ಸುಲಿನ್ ಹುಟ್ಟುವಾಗ ಅದೂ ಜೊತೆಗೆ ಹುಟ್ಟುತ್ತದೆ, ಬಾಟಲಿಯಲ್ಲಿ ಇರುವುದಿಲ್ಲ. ಸಕ್ಕರೆ ಇಳಿದಿರುವಾಗಲೇ ರಕ್ತ ತೆಗೆಯಬೇಕು. ಸಿಹಿ ತಿಂದ ಮೇಲೆ ಯಾರ ಮೈಯಾದರೂ ಎರಡನ್ನೂ ಸುರಿಸುತ್ತದೆ. ಸಾಕ್ಷಿ ಅಲ್ಲಿಗೆ ಕೆಟ್ಟಿತು.

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿ ಉಪವಾಸ ಇರಿಸಲು ಅತ್ತೆಮನೆಯಲ್ಲಿ ಒಪ್ಪಲಿಲ್ಲ. ಚನ್ನಗಿರಿಯಿಂದ ಪರಿಚಯದ ನರ್ಸ್ ಒಬ್ಬರನ್ನು ಕರೆದೊಯ್ದೆ. ಅಕ್ಕ ತಿಂಡಿ ಬಿಟ್ಟು ಕೂತಳು, ಕೊನೆಗೆ ಗೋಡೆಗೆ ಒರಗಿದಳು. ತೋಳು ಬೆವರಿಗೆ ಜಾರುತ್ತಿತ್ತು. ನರ್ಸಿಗೆ ನರ ಸಿಗಲಿಲ್ಲ. ಅಷ್ಟರಲ್ಲಿ ಅತ್ತೆ ಲೋಟ ಹಿಡಿದು ಬಂದರು.

"ಸ್ವಲ್ಪ ತಡೀರಿ, ಅಮ್ಮ," ಎಂದೆ.

"ಏನು ತಡಿಯೋದು? ಕಣ್ಣು ಮೇಲೆ ಹೋಗ್ಯಾವೆ. ಬಾಗಿಲಿಗೆ ಬಂದೋರಿಗೇ ಬೆಲ್ಲ ನೀರು ಕೊಡ್ತೀವಿ, ಬಿದ್ದ ಸೊಸೆಗೆ ಕೊಡಬಾರದಾ? ಓದಿದೋನ ಬುದ್ಧಿ ನೋಡು."

ಅನುಮಾನಿಸಿದವರೂ ಅವರೇ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವರೂ ಅವರೇ. ಲೋಟ ತಳ್ಳಲು ನನಗೆ ಕೈ ಬರಲಿಲ್ಲ. ಆ ಗಡಿಬಿಡಿಯಲ್ಲೇ ನರ್ಸಿಗೆ ನರವೂ ಸಿಕ್ಕಿತು.

ಯಂತ್ರದಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್ ಎರಡೂ ಹೆಚ್ಚಾಗಿಯೇ ಕಂಡವು.

"ಹಂಗಾದ್ರೆ ಗಂಟೇ ಐತೆ ಅನ್ನು," ಎಂದರು ಭಾವ.

"ಸೂಜಿ ಮೊದಲಾಗಿದ್ದರೆ."

ಸೂಜಿಯೇ ಮೊದಲು ಎಂದರು ನರ್ಸ್. ತಾನು ಕೊಟ್ಟಿದ್ದಕ್ಕೇ ಉಳಿದಳು, ಬೆಲ್ಲವೇ ಮೊದಲು ಎಂದರು ಅತ್ತೆ. ಅಕ್ಕನಿಗೆ ಬಾಯಿ ಸಿಹಿಯಾಗಿದ್ದದ್ದು ಬಿಟ್ಟರೆ ಏನೂ ನೆನಪಿಲ್ಲ. ಫೋನಿನಲ್ಲಿ ಕೇಳಿದಳು: "ಬೆಲ್ಲ ಮೊದಲಾಗಿದ್ರೆ, ನಾನು ಇನ್ನೊಂದ್ಸಲ ಬೀಳ್ಬೇಕೇನೋ?"

ಅತ್ತೆಯ ಬಾಟಲಿ ಇನ್ನೂ ಪಕ್ಕದ ಮನೆಯಲ್ಲೇ ಇತ್ತು.

ಆಮೇಲೆ ಹೊಳೆಯಿತು. ಅಂದು ಅಕ್ಕನ ರಕ್ತದಿಂದ ಬೇರ್ಪಡಿಸಿಟ್ಟಿದ್ದ ಪ್ಲಾಸ್ಮಾ ಒಂದಿಷ್ಟು ಉಳಿದಿತ್ತು. ಅದರಲ್ಲಿ ಸಕ್ಕರೆಯನ್ನು ಅಳೆದೆ, ನಂಬದೆ ಮತ್ತೊಮ್ಮೆ ಅಳೆದೆ. ಅದು ಆಗಲೇ ಏರಿತ್ತು. ಬೆಲ್ಲವೇ ಮೊದಲು.