ತತ್ತಿ ಇಲ್ಲದ ತತ್ತಿ ವಾಸನೆ

ಹೋದ ವಾರ ಗೌರಮ್ಮಾಯಿ ನನ್ನ ಮನೆಗೆ ಒಂದು ಸೀರೆ ಹಿಡಿದುಕೊಂಡು ಬಂದರು. ಮಾರಲಿಕ್ಕಲ್ಲ, ತೋರಿಸಲಿಕ್ಕೂ ಅಲ್ಲ. ಮೂಸಿಸಲಿಕ್ಕೆ.

“ಅಕ್ಕಾರ, ಇದನ್ನ ಒಂಚೂರು ಮೂಸಿ ನೋಡ್ರಿ. ತತ್ತಿ ವಾಸನಿ ಹೌದೋ ಅಲ್ಲೋ, ನೀವ ಹೇಳಬೇಕು.”

ಕನ್ನಡ ಸಾಲೆಯಲ್ಲಿ ಕಲಿಸುವ ನನ್ನನ್ನು ಸಿಂದಗಿಯ ಈ ಓಣಿ ಅಕ್ಕಾರ ಎಂದೇ ಕರೆಯುತ್ತದೆ. ಆದರೆ ಓಣಿಯಲ್ಲಿ ಇಷ್ಟೊಂದು ಮೂಗುಗಳಿರುವಾಗ ನನ್ನದೇ ಯಾಕೆ ಬೇಕಾಯಿತು? ಗೌರಮ್ಮಾಯಿಯದು ಲಿಂಗಾಯತರ ಮನೆ. ತತ್ತಿ, ಅಂದರೆ ಕೋಳಿಮೊಟ್ಟೆ, ಆ ಹೊಸ್ತಿಲನ್ನು ಎಂದೂ ದಾಟಿಲ್ಲ. ಅದರ ವಾಸನೆ ಹೇಗಿರುತ್ತದೆ ಎಂಬುದೇ ಆಯಿಗೆ ಗೊತ್ತಿಲ್ಲ. ಪಕ್ಕದ ನಮ್ಮದು ಮುಸಲ್ಮಾನರ ಮನೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳುವುದು ರೀತಿಯಲ್ಲವೆ?

ನಾನು ಮೂಸಿದೆ. ನಸುನೀಲಿ ವಾಯಿಲ್ ಸೀರೆ, ಮೊಮ್ಮಗಳು ಶಾಂತಾಳದು. ಅನುಮಾನಕ್ಕೆ ಜಾಗವೇ ಇರಲಿಲ್ಲ.

“ಹೌದ್ರಿ ಆಯಿ, ತತ್ತಿ ವಾಸನಿನ ಐತಿ. ಅದೂ ಕೊಳತದ್ದು,” ಎಂದು ನಕ್ಕೆ.

ಆಯಿ ನಗಲಿಲ್ಲ. ಸೀರೆಯನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡರು. ಕೂಡ್ರಿ ಅಂದರೂ ಕೂಡದೆ ಹೋದರು. ಅವರು ಬಾಯಿಬಿಟ್ಟು ಕೇಳದೆ ಹೋದ ಇನ್ನೊಂದು ಪ್ರಶ್ನೆ ನನಗೆ ಆಮೇಲೆ ಹೊಳೆಯಿತು. ಶಾಂತಾ ದಿನಾ ಸಂಜೆ ಓದಲಿಕ್ಕೆ ಬರುವುದು ನಮ್ಮ ಮನೆಗೆ. ಹಾಗಾದರೆ ಹುಡುಗಿ ತತ್ತಿ ತಿಂದದ್ದೆಲ್ಲಿ?

ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಪಂಚಮಿಗೆ ಅವರ ಮನೆಯಿಂದ ಉಂಡಿ ಬರುತ್ತವೆ. ರಮ್ಜಾನಿಗೆ ನಮ್ಮಿಂದ ಶಾವಿಗೆ, ಸಕ್ಕರೆ, ಒಣ ಖರ್ಜೂರ ಹೋಗುತ್ತವೆ. ಎಲ್ಲ ಬೇಯಿಸದ್ದೇ, ತಮ್ಮ ಒಲೆಯ ಮೇಲೆ ಅವರೇ ಕುದಿಸಿಕೊಳ್ಳುತ್ತಾರೆ. (ಇದನ್ನು ಕೇಳಿ ಬೆಂಗಳೂರಿನ ನನ್ನ ಗೆಳತಿಯೊಬ್ಬಳಿಗೆ ಬೇಸರವಾಯಿತು. ನನಗೆಂದೂ ಆಗಿಲ್ಲ. ಒಬ್ಬರ ನೇಮವನ್ನು ಒಬ್ಬರು ಕಾಪಾಡಿಕೊಂಡೇ ಇಷ್ಟು ವರ್ಷ ಬಾಳಿದ್ದೇವೆ.) ಆ ನೇಮವನ್ನು ನಾನು ಮುರಿದೆನೆಂದು ಆಯಿಗೆ ಅನ್ನಿಸಿತಲ್ಲ, ಅದು ನೋವಾಯಿತು.

ಸಂಜೆ ಶಾಂತಾ ಬಂದಳು. ಅತ್ತು ಕಣ್ಣು ಬಾತಿದ್ದವು.

“ಅಕ್ಕಾರ, ಆಯಿಗೆ ಏನ್ ಹೇಳಿದ್ರಿ?”

“ಎಂಥಾ ವಾಸನಿ ಅಂತ ಕೇಳಿದ್ರು, ಹೇಳಿದೆ.”

“ಅದು ತತ್ತಿದಲ್ರಿ. ಗ್ಯಾಸಿಂದು.”

ಶಾಂತಾ ನಮ್ಮೂರ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಾಳೆ. ಯಾವ ಲವಣದೊಳಗೆ ಯಾವ ಲೋಹ ಅಡಗಿದೆ ಎಂದು ಪತ್ತೆಹಚ್ಚಲು ಕೆಮಿಸ್ಟ್ರಿ ಲ್ಯಾಬಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಗ್ಯಾಸ್ ಹಾಯಿಸುತ್ತಾರಂತೆ. ಅದರ ವಾಸನೆ ಥೇಟ್ ಕೊಳೆತ ತತ್ತಿಯದು. ಮೊದಲೆರಡು ವರ್ಷ ಪ್ರ್ಯಾಕ್ಟಿಕಲ್ ಅಪರೂಪಕ್ಕಿತ್ತು, ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೊನೆಯ ವರ್ಷ ಫಿಜಿಕ್ಸ್, ಕೆಮಿಸ್ಟ್ರಿ, ಗಣಿತ ಈ ಮೂರರಲ್ಲಿ ಒಂದನ್ನು ಮುಖ್ಯ ವಿಷಯವಾಗಿ ಆರಿಸಬೇಕು. ಶಾಂತಾ ಕೆಮಿಸ್ಟ್ರಿ ಆರಿಸಿದಳು. ಈಗ ದಿನ ಬಿಟ್ಟು ದಿನ ಲ್ಯಾಬು, ದಿನ ಬಿಟ್ಟು ದಿನ ವಾಸನೆ.

ಮೊದಲು ಮೂಗು ಮುಚ್ಚಿಕೊಂಡವನು ಅವಳ ಅಣ್ಣ. “ಮನ್ಯಾಗ ತತ್ತಿ ವಾಸನಿ ಬರಾಕತ್ತೈತಿ” ಅಂದವನು ಅವನೇ. ಆ ವಾಸನೆಯ ಪರಿಚಯ ಅವನಿಗೆ ಎಲ್ಲಿ ಆಯಿತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಅಣ್ಣನ ಮಾತಿಗೆ ನನ್ನ ಮೂಗಿನ ಸಾಕ್ಷಿಯೂ ಸೇರಿತು. ತಂದೆ ಬಸಲಿಂಗಪ್ಪನವರು ತೀರ್ಮಾನ ಕೊಟ್ಟೇಬಿಟ್ಟರು. ನೀನು ಹೇಳುವಂತೆ ಲ್ಯಾಬಿನ ವಾಸನೆಯೇ ಆಗಿದ್ದರೆ ಕೆಮಿಸ್ಟ್ರಿ ಬಿಡು, ಲ್ಯಾಬು ಇಲ್ಲದ ವಿಷಯ ತಗೋ. ಇಲ್ಲವಾದರೆ ಮನೆಯಲ್ಲಿ ಕೂಡು. ವಿಷಯ ಬದಲಿಸಲು ಕಾಲೇಜಿನಲ್ಲಿ ಶನಿವಾರದವರೆಗೆ ಅವಕಾಶವಿತ್ತು.

“ಗಣಿತ ತಗೊಳ್ಳವಾ. ನಿನ್ನಂಥಾ ಶಾಣ್ಯಾಕಿಗೆ ಯಾವ ವಿಷಯ ಆದ್ರೇನು?” ಎಂದೆ. ಸಮಾಧಾನ ಹೇಳಿದೆ ಅಂದುಕೊಂಡಿದ್ದೆ.

“ಹಂಗಲ್ರಿ ಅಕ್ಕಾರ. ಗಣಿತದಾಗ ಪ್ರ್ಯಾಕ್ಟಿಕಲ್ ಮಾರ್ಕ್ಸ್ ಇಲ್ಲ. ಎರಡು ಲೆಕ್ಕ ಕೈಕೊಟ್ರ ಕ್ಲಾಸ್ ಹೋತು. ಫಿಜಿಕ್ಸಿಗೆ ಕಲಿಸವ್ರ ಇಲ್ಲ, ಸರ್ ಬಿಟ್ಟು ಹೋಗ್ಯಾರ. ಕೆಮಿಸ್ಟ್ರಿ ಹಂಗಲ್ಲ. ಪ್ರ್ಯಾಕ್ಟಿಕಲ್ ನನ್ನ ಕೈಯಾಗ ಐತಿ. ಪೇಪರಿನ್ಯಾಗ ಒಂದೀಟು ಕಡಿಮಿ ಬಿದ್ರೂ ಅದು ಎತ್ತತೈತಿ. ಎಲ್ಲಾ ತೂಗಿ ನೋಡೇ ಆರಿಸಿದ್ದೆ.”

ಯಾಕಿಷ್ಟು ತೂಗಾಟ? ಬಸಲಿಂಗಪ್ಪನವರು ಮಗಳಿಗೊಂದು ಮಾತು ಕೊಟ್ಟಿದ್ದಾರೆ. ಫರ್ಸ್ಟ್ ಕ್ಲಾಸ್ ಬಂದರೆ ಎಂ.ಎಸ್ಸಿ.ಗೆ ಧಾರವಾಡ. ಬರದಿದ್ದರೆ ಹೂವಿನ ಹಿಪ್ಪರಗಿಯ ಸೋದರಮಾವನ ಜೊತೆ ಅಕ್ಷತೆ. ಮಾವ ಕೆಟ್ಟವನಲ್ಲ. ಹೊಲಮನೆ ಇದೆ, ಮಾತು ಮೆತ್ತಗೆ. ಆದರೆ ಹುಡುಗಿಗೆ ಬೇಕಾಗಿರುವುದು ಧಾರವಾಡ.

ಈಗಿನವರಿಗೆ ಜ್ಞಾನದ ಹಸಿವಿಲ್ಲ, ಸುಲಭದ ವಿಷಯ ಹುಡುಕುತ್ತಾರೆ, ಮಾರ್ಕ್ಸಿನ ಬೆನ್ನು ಹತ್ತಿದ್ದಾರೆ. ಈ ಮಾತನ್ನು ನೀವೂ ಕೇಳಿರುತ್ತೀರಿ, ನಮ್ಮ ಸ್ಟಾಫ್ ರೂಮಿನಲ್ಲಿ ನಾನೂ ದಿನಾ ಕೇಳುತ್ತೇನೆ. ಯಾರ ಬಾಯಲ್ಲಿ? ಸೋತರೆ ಮತ್ತೊಮ್ಮೆ ಕೂಡಬಲ್ಲವರ ಬಾಯಲ್ಲಿ. ಶಾಂತಾಳ ಅಣ್ಣ ಇದೇ ಕಾಲೇಜಿನ ಬಿ.ಎ.ಯಲ್ಲಿ ಮಾರ್ಚಿನಲ್ಲಿ ಉರುಳಿದ, ಅಕ್ಟೋಬರಿನಲ್ಲಿ ಉರುಳಿದ, ಮತ್ತೆ ಮಾರ್ಚಿಗೆ ಕೂತ. ಪ್ರತಿ ಸಲವೂ ಮನೆಯವರು “ಪೇಪರ್ ಬಿಗಿ ಇತ್ತಂತ” ಅಂದರು, ಅಷ್ಟೇ. ಶಾಂತಾಳಿಗೆ ಇರುವುದು ಒಂದೇ ಮಾರ್ಚ್. ಒಂದೇ ಸಲ ಜಿಗಿಯಬೇಕಾದವಳು ಹಳ್ಳ ಕಿರಿದಾದ ಕಡೆ ನೋಡಿ ಜಿಗಿದರೆ ಅದು ಹೇಡಿತನವೆ?

ಮರುದಿನ ನಾನೇ ಅವರ ಮನೆಗೆ ಹೋದೆ. ತಪ್ಪು ಹೇಳಿದ್ದೆ, ಅದು ತತ್ತಿಯದಲ್ಲ, ಕಾಲೇಜಿನ ಗ್ಯಾಸಿನ ವಾಸನೆ ಎಂದು ಆಯಿಗೆ ತಿಳಿಸಿ ಹೇಳಿದೆ.

“ತತ್ತಿ ಇಲ್ಲದ ತತ್ತಿ ವಾಸನಿ ಎಲ್ಲಿಂದ ಬರತೈತ್ರಿ? ನಿನ್ನಿ ಹೌದಂದ್ರಿ, ಇವತ್ತ ಅಲ್ಲಂತೀರಿ. ಹುಡುಗಿ ಮ್ಯಾಲಿನ ಮಾಯಾಕ ಹಿಂಗ ಹೇಳಾಕತ್ತೀರಿ,” ಎಂದರು ಆಯಿ.

ತತ್ತಿ ಹೌದೆಂದಾಗ ನಾನು ಬಲ್ಲವಳು. ಅಲ್ಲವೆಂದಾಗ ಕಳ್ಳತನದಲ್ಲಿ ಪಾಲುದಾರಳು. ಸಿಟ್ಟು ಬಂತು, ಅಳುವೂ ಬಂತು. ಆದರೆ ಆಯಿಯ ಮಾತಿನಲ್ಲಿ ತಪ್ಪೇನಿತ್ತು? ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂದು ಸಾಲೆಯಲ್ಲಿ ಮಕ್ಕಳಿಗೆ ಕಲಿಸುವವಳು ನಾನೇ. “ಹಂಗಾದ್ರ ನಡೀರಿ ನನ್ನ ಜೋಡಿ ಕಾಲೇಜಿಗೆ” ಎಂದೆ.

ಕೆಮಿಸ್ಟ್ರಿ ಲೆಕ್ಚರರ್ ಗದಗ ಕಡೆಯ ಎಳೆ ವಯಸ್ಸಿನವರು. ತಲೆತುಂಬ ಸೆರಗು ಹೊದ್ದ ಮುದುಕಿಯೊಬ್ಬರು ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದದ್ದು ನೋಡಿ ಗಾಬರಿಯಾದರು. ವಿಷಯ ಹೇಳಿದೆ. ಅವರು ನಗಲಿಲ್ಲ; ಅದಕ್ಕೆ ನಾನು ಅವರಿಗೆ ಋಣಿ. ಗಾಜಿನ ಬುರುಡೆಗಳನ್ನು ಒಂದರ ಮೇಲೊಂದು ಕೂಡಿಸಿದಂಥ ಉಪಕರಣದ ಮುಂದೆ ಆಯಿಯನ್ನು ನಿಲ್ಲಿಸಿದರು. ಒಳಗೆ ಕರಿಯ ಹರಳುಗಳಿದ್ದವು. ಕಬ್ಬಿಣ, ಗಂಧಕ ಕೂಡಿದ್ದು ಎಂದರು. ಆ್ಯಸಿಡ್ ಅದಕ್ಕೆ ತಾಗಿದ್ದೇ ತಡ, ವಾಸನೆ ಎದ್ದಿತು.

ಆಯಿ ಮೇಜಿನ ಕೆಳಗೆ ಬಗ್ಗಿ ನೋಡಿದರು. ಕಪಾಟು ತೆಗೆಸಿ ನೋಡಿದರು. ಕಿಟಕಿಯ ಆಚೆಗೂ ಇಣುಕಿದರು.

“ಈ ಹರಳಿಂದ ಬರೂದೇನಪಾ ಈ ವಾಸನಿ?”

“ಹೌದ್ರಿ ಅಮ್ಮಾ. ಬ್ಯಾರೆ ಏನೂ ಇಲ್ಲ.”

ಆಯಿ ಸೆರಗನ್ನು ಮೂಗಿಗೆ ಒತ್ತಿಕೊಂಡರು. “ಇಂಥಾದ್ರಾಗ ನಿಂತು ಕಲೀತೈತಿ ನಮ್ಮ ಕೂಸು,” ಎಂದರು. ಬರುವಾಗ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡರು. “ಅಕ್ಕಾರ, ನಿಮ್ಮ ಮ್ಯಾಲ ಸಂಶೇ ತಗೊಂಡ್ನಿ. ಮನಸಿನ್ಯಾಗ ಇಟಗೋಬ್ಯಾಡ್ರಿ.” ಇನ್ನೇನು, ಹುಡುಗಿ ಗೆದ್ದಳು ಅಂದುಕೊಂಡೆ.

ಬಸಲಿಂಗಪ್ಪನವರು ಕಾಳಿನ ಅಡತಿ ಅಂಗಡಿಯಿಂದ ಊಟಕ್ಕೆ ಬಂದಿದ್ದರು. ತಾಯಿ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು. ನಂಬಿದರು ಕೂಡ.

“ಖರೇನ ಇರಬೇಕವ್ವಾ. ನೀ ಹೋಗಿ ಮೂಸಿ ಬಂದಿ. ಊರಮಂದಿನ್ನೆಲ್ಲ ಕರಕೊಂಡು ಹೋಗಿ ಮೂಸಸಾಕ ಆಗತೈತೇನು? ಬಸಲಿಂಗಪ್ಪನ ಮಗಳ ಮೈಯಾಗ ತತ್ತಿ ವಾಸನಿ ಅಂತ ನಾಳೆ ಹಿಪ್ಪರಗಿ ಮಟಾ ಸುದ್ದಿ ಹೋದ್ರ, ನಾ ಯಾರ ಯಾರ ಮುಂದ ಗ್ಯಾಸಿನ ಪುರಾಣ ಹೇಳ್ಲಿ?”

(ಊರನ್ನೆಲ್ಲ ಲ್ಯಾಬಿಗೆ ಕರೆದೊಯ್ಯಲು ನನ್ನಿಂದಲೂ ಆಗದು. ಬರೆಯಲು ಆಗುತ್ತದೆ. ಆಯಿಯನ್ನೂ ಶಾಂತಾಳನ್ನೂ ಕೇಳಿ, ಎಲ್ಲರ ಹೆಸರು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.)

“ಅಣ್ಣಾರ, ಮಗಳಿಗೆ ಮಾತು ಕೊಟ್ಟೀರಲ್ಲ?” ಎಂದೆ.

“ಕೊಟ್ಟ ಮಾತು ತಪ್ಪೂ ಮನಷ್ಯಾ ಅಲ್ರಿ ನಾ. ಫರ್ಸ್ಟ್ ಕ್ಲಾಸ್ ತರಲಿ, ನಾನ ಧಾರವಾಡ ಬಸ್ಸಿಗೆ ಕೂಡಸತೇನಿ. ಗಣಿತದಾಗ ತರಲಿ.”

ಮಾತು ಇದ್ದ ಹಾಗೇ ಇದೆ. ಅದನ್ನು ಮುಟ್ಟುವ ದಾರಿಯನ್ನಷ್ಟೇ ತೆಗೆದುಹಾಕಿದರು. ಒಬ್ಬ ತಂದೆ ಮಗಳ ಮೇಲೆ ಸಿಟ್ಟಾಗದೆ, ಒಂದು ಕೆಟ್ಟ ಮಾತಾಡದೆ, ರೊಟ್ಟಿ ಮುರಿಯುತ್ತಲೇ ಇಷ್ಟನ್ನು ಮಾಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಒಳಮನೆಯ ಬಾಗಿಲಲ್ಲಿ ಶಾಂತಾ ನಿಂತಿದ್ದಳು. ಆಯಿ ಮಗನ ತಾಟಿಗೆ ಪಲ್ಯ ಬಡಿಸಿದರು.

ಹೆಣ್ಣುಮಕ್ಕಳ ಓದಿಗೆ ಅಡ್ಡಿಯಾಗಿರುವುದು ಅಜ್ಞಾನ ಎಂದು ಇಂಡಿಯಿಂದ ಮುದ್ದೇಬಿಹಾಳದವರೆಗೆ ಮಹಿಳಾ ಮಂಡಳಗಳಲ್ಲಿ ಭಾಷಣ ಮಾಡಿ ಬಂದವಳು ನಾನು. ಇನ್ನು ಮಾಡಲಾರೆ. ಗೌರಮ್ಮಾಯಿಯ ಅಜ್ಞಾನ ಹೋಗಲು ಅರ್ಧ ದಿನ ಸಾಕಾಯಿತು. ಬಸಲಿಂಗಪ್ಪನವರಿಗಂತೂ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮಂದಿಯ ಮೂಗಿಗೆ ಹೆದರುವವರಿಗೆ ಯಾವ ಸಾಲೆಯಲ್ಲಿ ಪಾಠ ಹೇಳುವುದು?

ಶನಿವಾರ ಶಾಂತಾ ಕಾಲೇಜಿಗೆ ಹೋಗಿ ವಿಷಯ ಬದಲಿಸಿ ಬಂದಳು. ಸಂಜೆ ಎಂದಿನಂತೆ ನಮ್ಮ ಮನೆಗೆ ಓದಲು ಬಂದಳು, ಆಯಿಯೇ ಕಳಿಸಿದ್ದರು. ಗಣಿತದ ಪುಸ್ತಕ ಬಿಚ್ಚಿಕೊಂಡು ಕೂತಳು. ಒಂದು ಲೆಕ್ಕ ಮಾಡಿದಳು, ಹೊಡೆದು ಹಾಕಿದಳು, ಮತ್ತೆ ಮಾಡಿದಳು. ನನಗೆ ತಡೆಯಲಾಗಲಿಲ್ಲ.

“ಗಣಿತದಾಗ ಫರ್ಸ್ಟ್ ಕ್ಲಾಸ್ ಬರತೈತೇನವಾ?”

ಅವಳು ತಲೆ ಎತ್ತದೆ ಹೇಳಿದಳು:

“ಇಲ್ರಿ ಅಕ್ಕಾರ. ಆದ್ರ ವಾಸನಿ ಬರೂದಿಲ್ಲ.”